ಒಂದೇ ಹುಡುಗಿ, ಮೂರು ಲೆಕ್ಕ: ಹದಿಹರೆಯದವರ ಚಟುವಟಿಕೆ ಅಳೆಯುವವರಿಗೆ ಬಹಿರಂಗ ಪತ್ರ

ಶಾಲಾ ಮಕ್ಕಳ ಆರೋಗ್ಯ ಸಮೀಕ್ಷೆಗಳನ್ನು ರೂಪಿಸುವ, ನಡೆಸುವ, ಅವುಗಳ ಅಂಕಿಅಂಶದ ಮೇಲೆ ತೀರ್ಮಾನ ಕೈಗೊಳ್ಳುವ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಒಂದು ವಾರವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಉಸಿರು ಏರುವಷ್ಟು ಮೈ ದಂಡಿಸಿದ ನಿಮಿಷಗಳು ಸೋಮವಾರದಿಂದ ಭಾನುವಾರದವರೆಗೆ ಕ್ರಮವಾಗಿ 75, 80, 55, 90, 40, 100, 20. ಕೂಡಿದರೆ 460, ಏಳರಿಂದ ಭಾಗಿಸಿದರೆ ದಿನಕ್ಕೆ ಸುಮಾರು 66. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 5ರಿಂದ 17 ವರ್ಷದವರಿಗೆ ಕೇಳುವುದು ವಾರದ ಸರಾಸರಿಯಲ್ಲಿ ದಿನಕ್ಕೆ ಕನಿಷ್ಠ 60 ನಿಮಿಷದ ಮಧ್ಯಮ ಅಥವಾ ತೀವ್ರ ಚಟುವಟಿಕೆಯನ್ನು. ಹಾಗಾಗಿ ಅವಳು ಪಾಸು. ಅದೇ ಸಂಸ್ಥೆಯ 2010ರ ಮಾರ್ಗಸೂಚಿಯಲ್ಲಿ ಸರಾಸರಿಯ ಮಾತಿರಲಿಲ್ಲ, ದಿನವೂ 60 ನಿಮಿಷ ಎಂದಿತ್ತು. ಬುಧವಾರ, ಶುಕ್ರವಾರ, ಭಾನುವಾರ ತಪ್ಪಿವೆ, ಹಾಗಾಗಿ ಫೇಲು. ಇನ್ನು ಸೊಂಟಕ್ಕೆ ಚಲನೆ ದಾಖಲಿಸುವ ಸಾಧನವನ್ನು ಬೆಲ್ಟಿನಲ್ಲಿ ಕಟ್ಟಿ ಅಳೆದೆವು ಎನ್ನಿ. ಗುರುವಾರ, ಶನಿವಾರ ಪಂದ್ಯವಿತ್ತು. ಬೆಲ್ಟ್ ಬಿಚ್ಚಿಟ್ಟು ಆಡಿದಳು, ಮತ್ತೆ ಕಟ್ಟಿಕೊಳ್ಳುವುದನ್ನು ಮರೆತಳು. ಆ ಎರಡು ದಿನ 'ಅಪೂರ್ಣ' ಎಂದು ಕಳಚಿ ಬಿದ್ದವು. ಉಳಿದ ಐದು ದಿನಗಳ ಸರಾಸರಿ 54. ಮತ್ತೆ ಫೇಲು, ಅದೂ ಅವಳು ಅತಿ ಹೆಚ್ಚು ಓಡಿದ ದಿನಗಳನ್ನು ಬಿಟ್ಟು. ಆಟಕ್ಕುಂಟು, ಲೆಕ್ಕಕ್ಕಿಲ್ಲ ಎನ್ನುವುದು ಇದಕ್ಕೇ ಇರಬೇಕು.

ನಮ್ಮ ಅಹವಾಲು ಒಂದೇ. 'ಇಂತಿಷ್ಟು ಶೇಕಡ ಮಕ್ಕಳು ಸಾಕಷ್ಟು ಚಟುವಟಿಕೆಯಿಂದಿಲ್ಲ' ಎಂಬ ಸಂಖ್ಯೆ ಹೊರಗೆ ಬರುವ ಮೊದಲು, ಅದನ್ನು ಯಾವ ಕೋಲಿನಿಂದ ಅಳೆಯುತ್ತೀರಿ ಎಂಬುದನ್ನು ನಿರ್ಧರಿಸಿ ಬರೆದಿಡಿ. ಮುಂದಿನ ಸುತ್ತಿನಲ್ಲಿ ಕೋಲು ಬದಲಾದರೆ ಹಳೆಯ ಸಂಖ್ಯೆಯ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎನ್ನಬೇಡಿ.

ಎಲ್ಲರೂ ಎತ್ತಿ ಹೇಳುವ ಜಾಗತಿಕ ಅಂಕಿಯನ್ನೇ ನೋಡಿ. 146 ದೇಶಗಳ 298 ಶಾಲಾ ಸಮೀಕ್ಷೆಗಳು, ಸುಮಾರು 16 ಲಕ್ಷ ವಿದ್ಯಾರ್ಥಿಗಳು. 2016ಕ್ಕೆ ಅಂದಾಜಿಸಿದಂತೆ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿಗೆ ಚಟುವಟಿಕೆ ಸಾಲದು. ಹುಡುಗರಲ್ಲಿ ಶೇ. 77.6, ಹುಡುಗಿಯರಲ್ಲಿ ಶೇ. 84.7. ಇದು ಮಕ್ಕಳೇ ತುಂಬಿದ ಪ್ರಶ್ನಾವಳಿಯ ಫಲ, ಅಳತೆ 'ದಿನವೂ 60 ನಿಮಿಷ'. ಅತ್ತ ಅಮೆರಿಕದ ರಾಷ್ಟ್ರೀಯ ಆರೋಗ್ಯ ಮತ್ತು ಪೋಷಣಾ ಸಮೀಕ್ಷೆ 2003-04ರಲ್ಲಿ ಸೊಂಟಕ್ಕೆ ಆಕ್ಸೆಲೆರೋಮೀಟರ್ ಎಂಬ ಚಲನೆ ದಾಖಲಿಸುವ ಸಾಧನ ಕಟ್ಟಿ ಅಳೆದಾಗ, 6ರಿಂದ 11 ವರ್ಷದವರಲ್ಲಿ ಶೇ. 42ರಷ್ಟು ಮಂದಿ ಗುರಿ ಮುಟ್ಟಿದ್ದರು, 12ರಿಂದ 19ರವರಲ್ಲಿ ಬರೀ ಶೇ. 8. ಎರಡೂ ದೊಡ್ಡ ಕೆಲಸಗಳೇ. ಆದರೆ 81ರ ಪಕ್ಕದಲ್ಲಿ 92 (ಗುರಿ ಮುಟ್ಟದ ಉಳಿದವರು) ಬರೆದು ಕಳೆಯುವ ಲೆಕ್ಕ ಮಾಡಿದರೆ ಉತ್ತರಕ್ಕೆ ಅರ್ಥವಿಲ್ಲ. ಒಂದು ಮೊಳ, ಇನ್ನೊಂದು ಮೀಟರು.

ಪ್ರಶ್ನೆ ಕೇಳಿ ಅಳೆಯುವುದರಿಂದ ಶುರು ಮಾಡೋಣ, ಹೆಚ್ಚಿನ ಕಡೆ ನಡೆಯುವುದು ಅದೇ. ಶಾಲಾ ಸಮೀಕ್ಷೆಗಳಲ್ಲಿ ಬೇರೂರಿರುವ ಪ್ರಶ್ನೆ ಹೀಗಿದೆ: ಕಳೆದ 7 ದಿನಗಳಲ್ಲಿ ಎಷ್ಟು ದಿನ ಒಟ್ಟು ಕನಿಷ್ಠ 60 ನಿಮಿಷ ದೈಹಿಕವಾಗಿ ಚಟುವಟಿಕೆಯಿಂದಿದ್ದಿರಿ? ಉತ್ತರ 0ಯಿಂದ 7. ಅಗ್ಗ, ಚಿಕ್ಕದು, ದಶಕಗಳ ಹೋಲಿಕೆಗೆ ಒದಗುತ್ತದೆ. ತೊಡಕಿರುವುದು ಆ ಒಂದೇ ವಾಕ್ಯದಲ್ಲಿ ಹುಡುಗ ಮಾಡಬೇಕಾದ ಕೆಲಸದಲ್ಲಿ. ಬೆಳಿಗ್ಗೆ ಶಾಲೆಗೆ ನಡೆದ 15 ನಿಮಿಷ, ಬಿಡುವಿನಲ್ಲಿ ಓಡಿದ 10, ಸಂಜೆ ಆಡಿದ 40, ಇವನ್ನೆಲ್ಲ ಮನಸ್ಸಿನಲ್ಲೇ ಕೂಡಬೇಕು. ಇದನ್ನು ಏಳು ದಿನಕ್ಕೂ ಮಾಡಬೇಕು. ಆಮೇಲೆ 60 ದಾಟಿದ ದಿನಗಳನ್ನು ಎಣಿಸಬೇಕು. ಯಾವ ಹುಡುಗನೂ ಹೀಗೆ ಮಾಡುವುದಿಲ್ಲ. 'ನಾನು ಆಟಗಾರ' ಎಂದುಕೊಂಡವನು 7 ಬರೆಯುತ್ತಾನೆ, 'ನನಗೆ ಆಟ ಬರಲ್ಲ' ಎಂದುಕೊಂಡವಳು ದಿನವೂ ಮೂರು ಮೈಲಿ ನಡೆದರೂ 1 ಬರೆಯುತ್ತಾಳೆ. ಎರಡು ಗಂಟೆ ಮೈದಾನದಲ್ಲಿದ್ದು ಮುಕ್ಕಾಲು ಪಾಲು ತನ್ನ ಸರದಿಗೆ ಕಾದು ನಿಂತವನಿಗೂ ಅದು ಎರಡು ಗಂಟೆಯ ಆಟವೇ.

ಕನ್ನಡದಲ್ಲಿ ಕೇಳುವಾಗ ಇನ್ನೊಂದು ಪೇಚು. 'ಚಟುವಟಿಕೆ' ಎಂದರೆ ಶಾಲೆಯ ಮಕ್ಕಳಿಗೆ ಪಾಠದ ಕೊನೆಯಲ್ಲಿ ಬರುವ, ಚಿತ್ರ ಅಂಟಿಸಿ ಪಟ್ಟಿ ಮಾಡುವ ಕೆಲಸ. 'ದೈಹಿಕ' ಸೇರಿಸಿದರೆ ಪಿ.ಟಿ. ಪೀರಿಯಡ್ ನೆನಪಾಗುತ್ತದೆ. ಅದನ್ನು ತಪ್ಪಿಸಲು 'ವ್ಯಾಯಾಮ' ಎಂದು ಬರೆದರೆ ನಡಿಗೆ, ಸೈಕಲ್, ನೀರು ಹೊತ್ತದ್ದು, ನೆಲ ಒರೆಸಿದ್ದು ಎಲ್ಲ ಹೊರಗುಳಿಯುತ್ತದೆ. ಈ ಕೊರತೆ ಎಲ್ಲರಿಗೂ ಸಮನಾಗಿ ತಟ್ಟುವುದಿಲ್ಲ. ಮನೆಗೆಲಸ ಯಾರ ಪಾಲಿಗೆ ಹೆಚ್ಚೋ ಅವರ ನಿಮಿಷಗಳೇ ಮಾಯವಾಗುತ್ತವೆ. ಆದ್ದರಿಂದ ಪದದ ಮೇಲೆ ಜಗಳವಾಡುವ ಬದಲು ವಿವರಿಸಿ: 'ಉಸಿರು ಜೋರಾಗುವ, ಎದೆ ಬಡಿತ ಏರುವ ಯಾವುದೇ ಕೆಲಸ ಅಥವಾ ಆಟ, ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ'. ಕೆಳಗೆ ಆರೇಳು ಉದಾಹರಣೆ ಕೊಡಿ, ಅವುಗಳಲ್ಲಿ ಅರ್ಧವಾದರೂ ಆಟವಲ್ಲದ್ದಿರಲಿ. ಅಚ್ಚಿಗೆ ಹೋಗುವ ಮುನ್ನ ಎಂಟು ಹತ್ತು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಉತ್ತರ ಬರೆದ ಮೇಲೆ 'ಈ 4 ಎಲ್ಲಿಂದ ಬಂತು?' ಎಂದು ಕೇಳಿ. ಈ ಅರ್ಧ ದಿನದ ಕೆಲಸ ತಪ್ಪಿಸಿದವರು ಮುಂದೆ ಸಾವಿರಾರು ಹಾಳೆಗಳಲ್ಲಿ ಒಂದೇ ತಪ್ಪನ್ನು ಓದುತ್ತಾರೆ.

ಕೇಳುವ ಕ್ರಮವೂ ಮುಖ್ಯ. ನೇರವಾಗಿ ವಾರದ ಪ್ರಶ್ನೆಗೆ ಹಾರದೆ, ಮೊದಲು ನಿನ್ನೆಯ ದಿನವನ್ನು ಅರ್ಧರ್ಧ ಗಂಟೆಯ ಮನೆಗಳಾಗಿ ಬಿಡಿಸಿ ತುಂಬಿಸಿ: ಎದ್ದದ್ದು, ಶಾಲೆಗೆ ಹೋದ ಬಗೆ, ಬಿಡುವು, ಸಂಜೆ, ರಾತ್ರಿ. ಆಮೇಲೆ ಕೇಳಿದ 60 ನಿಮಿಷದ ಪ್ರಶ್ನೆಗೆ ಬರುವ ಉತ್ತರ ಬೇರೆಯೇ. ಹಾಳೆ ಹಂಚುವವರು ದೈಹಿಕ ಶಿಕ್ಷಕರಾಗದಿರಲಿ; ಅವರೆದುರಿಗೆ 0 ಬರೆಯುವ ಧೈರ್ಯ ಕಡಿಮೆ. ಪರೀಕ್ಷೆಯ ವಾರ, ಕ್ರೀಡಾಕೂಟದ ವಾರ, ಎಡೆಬಿಡದೆ ಮಳೆ ಸುರಿಯುವ ವಾರ ಬೇಡ. ಬೇಡವೆಂದರೂ ಬಂದೇ ಬರುವುದಾದರೆ ದಿನಾಂಕವನ್ನು ದತ್ತಾಂಶದಲ್ಲೇ ನಮೂದಿಸಿ.

ಬೇರೆ ಪ್ರಶ್ನಾವಳಿಗಳ ಬಗ್ಗೆ ಎರಡೇ ಮಾತು. ಪಿಎಕ್ಯೂ-ಎ ಎಂಬುದು ಪ್ರೌಢಶಾಲೆಯ ಮಕ್ಕಳಿಗೆಂದೇ ಮಾಡಿದ್ದು. 1ರಿಂದ 5ರ ನಡುವೆ ಒಂದು ಅಂಕ ಕೊಡುತ್ತದೆ, ನಿಮಿಷ ಕೊಡುವುದಿಲ್ಲ. 3ಕ್ಕಿಂತ ಮೇಲಿದ್ದವರು 60 ನಿಮಿಷ ಮುಟ್ಟಿದರು ಎಂದು ಬರೆಯುವುದು ಕಲ್ಪನೆ. ಐಪಿಎಕ್ಯೂ ಎಂಬ ಇನ್ನೊಂದು ಪ್ರಶ್ನಾವಳಿ ರೂಪುಗೊಂಡದ್ದು 15ರಿಂದ 69 ವರ್ಷದವರಿಗೆ. ಅದನ್ನು 12ರ ಮಕ್ಕಳ ಕೈಗೆ ಕೊಡಬೇಡಿ.

ಈಗ ಸಾಧನಗಳು. ಸಾಧನ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ ಕಚೇರಿಗಳಲ್ಲಿ ಬಲವಾಗಿದೆ. ಅದು ಸುಳ್ಳು ಹೇಳದಿರಬಹುದು, ಆದರೆ ಅದರ ಬಾಯಿಗೆ ಮಾತು ಹಾಕುವವರು ನಾವೇ. ಆಕ್ಸೆಲೆರೋಮೀಟರ್ ಅಳೆಯುವುದು ಅದನ್ನು ಕಟ್ಟಿದ ಜಾಗದ ವೇಗ ಬದಲಾಗುವ ಬಗೆಯನ್ನು, ಅಷ್ಟೇ. ನಿಮಿಷ, ಮಟ್ಟ, ಪಾಸು, ಫೇಲು ಎಲ್ಲವೂ ಆಮೇಲಿನ ತೀರ್ಮಾನಗಳು.

ಮೊದಲ ತೀರ್ಮಾನ ಎಪಾಕ್, ಅಂದರೆ ಎಷ್ಟು ಸೆಕೆಂಡಿಗೊಮ್ಮೆ ಎಣಿಕೆಯನ್ನು (ಚಲನೆ ಎಷ್ಟೆಂದು ಸಾಧನ ಕೊಡುವ ಅಂಕಿಯನ್ನು) ಕೂಡಿಸಿ ಒಂದು ಅಂಕಿ ಮಾಡುವುದು ಎಂಬುದು. ಹುಡುಗನೊಬ್ಬ ಚೆಂಡಿನ ಹಿಂದೆ 15 ಸೆಕೆಂಡು ಜೀವ ಬಿಟ್ಟು ಓಡಿ, 45 ಸೆಕೆಂಡು ಸೊಂಟದ ಮೇಲೆ ಕೈಯಿಟ್ಟು ನಿಂತ ಎನ್ನಿ. 15 ಸೆಕೆಂಡಿನ ಎಪಾಕ್‌ನಲ್ಲಿ ಎಣಿಕೆ 1500, 20, 20, 20. ಎಣಿಕೆಯನ್ನು ಚಟುವಟಿಕೆಯ ಮಟ್ಟಗಳಾಗಿ ವಿಂಗಡಿಸಲು ಬಹಳ ಕಡೆ ಬಳಕೆಯಲ್ಲಿರುವ, ಎವೆನ್ಸನ್ ಎಂಬ ಸಂಶೋಧಕರ ತಂಡದ ಗಡಿಗಳ ಪ್ರಕಾರ 15 ಸೆಕೆಂಡಿಗೆ 25ರವರೆಗೆ ಜಡ, 26ರಿಂದ 573 ಹಗುರ, 574ರಿಂದ 1002 ಮಧ್ಯಮ, ಅದರ ಮೇಲೆ ತೀವ್ರ. ಹಾಗಾಗಿ ಕಾಲು ನಿಮಿಷ ತೀವ್ರ, ಮುಕ್ಕಾಲು ನಿಮಿಷ ಜಡ, ನಡೆದದ್ದೂ ಅದೇ. ಈಗ ಅದನ್ನೇ 60 ಸೆಕೆಂಡಿನ ಎಪಾಕ್‌ಗೆ ಹಾಕಿ. ಒಟ್ಟು 1560. ನಿಮಿಷದ ಲೆಕ್ಕದಲ್ಲಿ ಮಧ್ಯಮ ಶುರುವಾಗುವುದು 2296ಕ್ಕೆ. ಇಡೀ ನಿಮಿಷ 'ಹಗುರ' ಆಯಿತು. ಓಟವೂ ಹೋಯಿತು, ನಿಂತದ್ದೂ ಹೋಯಿತು. ಮಕ್ಕಳ ಆಟವೆಲ್ಲ ಹೀಗೆ ತುಂಡು ತುಂಡಾಗಿಯೇ ಇರುವುದರಿಂದ 15 ಸೆಕೆಂಡಿಗಿಂತ ದೊಡ್ಡ ಎಪಾಕ್ ಬಳಸಬೇಡಿ. ಚಿಕ್ಕದರಲ್ಲಿ ದಾಖಲಿಸಿದರೆ ಆಮೇಲೆ ಕೂಡಿಸಬಹುದು. 60ರಲ್ಲಿ ದಾಖಲಿಸಿದ್ದನ್ನು ಒಡೆಯಲಾಗದು.

ಎರಡನೆಯದು ಗಡಿರೇಖೆ. ಸೊಂಟಕ್ಕೆ ಕಟ್ಟಿದ ಅದೇ ಸಾಧನಕ್ಕೆ ಮಧ್ಯಮ ಮಟ್ಟ ಎಲ್ಲಿಂದ ಎಂದು ಕೇಳಿದರೆ ಎವೆನ್ಸನ್ ತಂಡ ನಿಮಿಷಕ್ಕೆ 2296 ಎನ್ನುತ್ತದೆ, ಟ್ರೂತ್ ತಂಡ 3000, ಪುಯಾವ್ ತಂಡ 3200. ಇದು ಯಾರೋ ಒಬ್ಬರ ತಪ್ಪಲ್ಲ. ಪ್ರತಿ ತಂಡ ಬೇರೆ ವಯಸ್ಸಿನ ಮಕ್ಕಳನ್ನು ಬೇರೆ ಬೇರೆ ಕೆಲಸಗಳಲ್ಲಿ ಅಳೆದು ಗಡಿ ಹಾಕಿದೆ. ಜೊತೆಗೆ ಮಕ್ಕಳು ಸುಮ್ಮನೆ ಕೂತಾಗಲೂ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚು ಶಕ್ತಿ ವ್ಯಯಿಸುತ್ತಾರೆ. ಆದ್ದರಿಂದ ದೊಡ್ಡವರಿಗೆ 3 ಮೆಟ್ (ಸುಮ್ಮನೆ ಕೂತಾಗಿನ ಶಕ್ತಿವ್ಯಯದ ಮೂರು ಪಟ್ಟು) ಇರುವ ಮಧ್ಯಮದ ಹೊಸ್ತಿಲನ್ನು ಮಕ್ಕಳಿಗೆ ಹಲವರು 4 ಎಂದು ಹಿಡಿಯುತ್ತಾರೆ. ನಮ್ಮ ಸಲಹೆ ಎವೆನ್ಸನ್. ಅದನ್ನು ರೂಪಿಸಿದ್ದು 5ರಿಂದ 8 ವರ್ಷದವರ ಮೇಲಾದರೂ, ಟ್ರಾಸ್ಟ್ ತಂಡ 2011ರಲ್ಲಿ 5ರಿಂದ 15 ವರ್ಷದವರ ಮೇಲೆ ಹಲವು ಗಡಿಗಳನ್ನು ಹೋಲಿಸಿ ನೋಡಿದಾಗ ಅದೇ ಮುಂದಿತ್ತು. ನಿಮ್ಮ ಆಯ್ಕೆ ಬೇರೆಯಾದರೂ ಸರಿ, ವರದಿಯಲ್ಲಿ ಹೆಸರು ಹಾಕಿ. ಸೊಂಟದ ಗಡಿಯನ್ನು ಮಣಿಕಟ್ಟಿನ ದತ್ತಾಂಶಕ್ಕೆ ಮಾತ್ರ ಹಚ್ಚಬೇಡಿ. ನೋಟ್ಸ್ ಬರೆಯುತ್ತಾ ಕೂತವಳೂ ಅಲ್ಲಿ ಓಡಾಡಿದಂತೆ ಕಾಣುತ್ತಾಳೆ.

ಮೂರನೆಯದು ಕಟ್ಟಿಕೊಂಡಿರಲಿಲ್ಲ ಎಂದು ಗುರುತಿಸುವ ನಿಯಮ. ಸತತ ಸೊನ್ನೆಗಳು ಬಂದರೆ ಬೆಲ್ಟ್ ಮೇಜಿನ ಮೇಲಿತ್ತು ಎಂದು ಭಾವಿಸುತ್ತೇವೆ. ಎಷ್ಟು ಹೊತ್ತು ಸತತ? 20 ನಿಮಿಷ ಎಂದಿಟ್ಟರೆ ತರಗತಿಯಲ್ಲಿ ಅಲುಗಾಡದೆ ಕೂತ ಹುಡುಗಿಯ ಜಡ ಸಮಯವೂ ಅಳಿಸಿಹೋಗುತ್ತದೆ. 60 ಅಥವಾ 90 ನಿಮಿಷ ಎಂದಿಟ್ಟರೆ ಒಂದು ಪಂದ್ಯಕ್ಕೆಂದು ಬಿಚ್ಚಿಟ್ಟ 50 ನಿಮಿಷ 'ಕೂತಿದ್ದಳು' ಎಂದು ದಾಖಲಾಗುತ್ತದೆ. ಯಾವುದೂ ಪರಿಪೂರ್ಣವಲ್ಲ. ಇದಕ್ಕೆ ಮದ್ದು ಸಾಫ್ಟ್‌ವೇರ್‌ನಲ್ಲಿಲ್ಲ, ಬೆಲ್ಟಿನ ಜೊತೆ ಕೊಡುವ ಚೀಟಿಯಲ್ಲಿದೆ: ಬಿಚ್ಚಿದ ಹೊತ್ತು, ಮತ್ತೆ ಕಟ್ಟಿದ ಹೊತ್ತು, ಆಗ ಏನು ಮಾಡುತ್ತಿದ್ದೆ. ಮೂರೇ ಕಾಲಂ. ಮೊದಲು ಹೇಳಿದ ಹುಡುಗಿಯ ಗುರುವಾರ, ಶನಿವಾರಗಳನ್ನು ಉಳಿಸಬಲ್ಲದ್ದು ಈ ಚೀಟಿ ಮಾತ್ರ. ಅದರಿಂದ ಸೇರಿಸಿದ ನಿಮಿಷಗಳನ್ನು ಸಾಧನದ ನಿಮಿಷಗಳ ಜೊತೆ ಬೆರೆಸದೆ ಪ್ರತ್ಯೇಕವಾಗಿ ತೋರಿಸಿ.

ದಿನಕ್ಕೆ 10 ಗಂಟೆ ಕಟ್ಟಿದ್ದರೆ ಅದು ಪೂರ್ಣ ದಿನ. ವಾರದಲ್ಲಿ ಅಂಥ 4 ದಿನ, ಅದರಲ್ಲೊಂದು ರಜಾದಿನ. ಇದು ರೂಢಿಯ ನಿಯಮ, ಇದನ್ನೇ ಇಟ್ಟುಕೊಳ್ಳಿ. ಮೊದಲ ದಿನವನ್ನು ಲೆಕ್ಕದಿಂದ ಬಿಡಿ. ಹೊಸ ಬೆಲ್ಟ್ ಸಿಕ್ಕ ಹುಮ್ಮಸ್ಸಿನಲ್ಲಿ ಮಕ್ಕಳು ಓಡಿ ಕುಣಿದು ನೋಡುತ್ತಾರೆ, ಕೆಲವರು ಕೈಯಲ್ಲಿ ಹಿಡಿದು ಅಲ್ಲಾಡಿಸುವುದೂ ಉಂಟು. ಆದ್ದರಿಂದ 8 ದಿನ ಕಟ್ಟಿಸಿ, 7 ದಿನ ಎಣಿಸಿ.

ಕಟ್ಟುವ ವಿವರ. ಬಲ ಸೊಂಟದ ಮೂಳೆಯ ಏಣಿನ ಮೇಲೆ, ಎಲಾಸ್ಟಿಕ್ ಬೆಲ್ಟ್ ಜಾರದಷ್ಟು ಬಿಗಿ, ಎರಡು ಬೆರಳು ತೂರುವಷ್ಟು ಸಡಿಲ. ಜೋತಾಡುವ ಸಾಧನ ತನ್ನದೇ ಕುಣಿತವನ್ನು ಎಣಿಸುತ್ತದೆ. ಉಡುಪಿನ ಒಳಗೆ ಕಟ್ಟಿಕೊಳ್ಳಲು ಬಿಡಿ, ಹುಡುಗಿಯರಿಗೆ ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ತೋರಿಸಿಕೊಡಲಿ. ಎದ್ದು ಕಾಣುವ ಬೆಲ್ಟು ಎರಡನೇ ದಿನಕ್ಕೇ ಚೀಲ ಸೇರುತ್ತದೆ. ಹಂಚುವ ಹಿಂದಿನ ದಿನ ಎಲ್ಲ ಸಾಧನಗಳನ್ನೂ ಒಂದೇ ಕಂಪ್ಯೂಟರಿನಿಂದ ಸಿದ್ಧಪಡಿಸಿ, ಆ ಕಂಪ್ಯೂಟರಿನ ಗಡಿಯಾರ ಸರಿಯಿದೆಯೇ ನೋಡಿ. ಗಂಟೆ ತಪ್ಪಿದ ಫೈಲಿನಲ್ಲಿ ಮಕ್ಕಳು ಮಧ್ಯರಾತ್ರಿ ಪಿ.ಟಿ. ಮಾಡುತ್ತಿರುತ್ತಾರೆ. ಸೆಕೆಂಡಿಗೆ ಎಷ್ಟು ಬಾರಿ ದಾಖಲಿಸಬೇಕು ಎಂದು ಕೇಳಿದಾಗ 30 ಹರ್ಟ್ಸ್ ಅಥವಾ ಅದರ ಗುಣಕ, 60, 90 ಆರಿಸಿ. ಆಕ್ಟಿಗ್ರಾಫ್ ಎಂಬ ಕಂಪನಿಯ ಸಾಧನಗಳಲ್ಲಿ 40, 100ರಂಥ ಆಯ್ಕೆ ಓಟದಂಥ ವೇಗದ ಚಲನೆಯ ಎಣಿಕೆಯನ್ನು ಉಬ್ಬಿಸುತ್ತದೆ. ಸಾಧನದ ಸಂಖ್ಯೆ, ಮಗುವಿನ ಸಂಕೇತ ಸಂಖ್ಯೆ, ಕೊಟ್ಟ ಹೊತ್ತು, ಪಡೆದ ಹೊತ್ತು ನಾಲ್ಕನ್ನೂ ಒಬ್ಬರು ಓದಿ ಇನ್ನೊಬ್ಬರು ಬರೆಯಲಿ. ಅಣ್ಣ ತಮ್ಮಂದಿರ ಬೆಲ್ಟು ಅದಲುಬದಲಾಗುವುದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು.

ಇಷ್ಟೆಲ್ಲ ಸರಿಯಾದರೂ ಸೊಂಟದ ಸಾಧನದ ಕಣ್ಣಿಗೆ ಕೆಲವು ಚಟುವಟಿಕೆಗಳು ಬೀಳುವುದೇ ಇಲ್ಲ. ಸೈಕಲ್ ತುಳಿಯುವಾಗ ಕಾಲು ದುಡಿಯುತ್ತದೆ, ಸೊಂಟ ಸೀಟಿನ ಮೇಲೆ ಸುಮ್ಮನಿರುತ್ತದೆ. ಈಜಲು ಹೋದರೆ ಬೆಲ್ಟ್ ದಡದಲ್ಲಿ. ಭಾರ ಹೊತ್ತು ಏರು ಹತ್ತಿದರೂ ಎಣಿಕೆ ಬರಿಗೈಯಲ್ಲಿ ನಡೆದಷ್ಟೇ. ಗಾಲಿಕುರ್ಚಿ ಬಳಸುವ ಮಗುವಿನ ಪಾಲಿಗೆ ಅದು ಪೂರಾ ಕುರುಡು. ಆ ಮಕ್ಕಳನ್ನು ಸದ್ದಿಲ್ಲದೆ ಪಟ್ಟಿಯಿಂದ ತೆಗೆಯುವ ಬದಲು ಮಣಿಕಟ್ಟಿನ ಸಾಧನ ಮತ್ತು ದಿನಚರಿಯಿಂದ ಅಳೆದು, ಬೇರೆಯಾಗಿಯೇ ವರದಿ ಮಾಡಿ. ಸೈಕಲ್ ಹೆಚ್ಚಿರುವ ಶಾಲೆಯನ್ನು ನಡಿಗೆ ಹೆಚ್ಚಿರುವ ಶಾಲೆಯ ಜೊತೆ ಸಾಧನದ ಅಂಕಿಯಿಂದ ಮಾತ್ರ ಹೋಲಿಸುವುದು ಅನ್ಯಾಯ.

ಮಣಿಕಟ್ಟಿಗೆ ಕಟ್ಟಿದರೆ ಮಕ್ಕಳು ಹೆಚ್ಚು ಹೊತ್ತು ಇಟ್ಟುಕೊಳ್ಳುತ್ತಾರೆ, ನಿದ್ದೆಯೂ ದಾಖಲಾಗುತ್ತದೆ. ಹೆಚ್ಚು ಬಳಸದ ಕೈಗೆ ಕಟ್ಟಿ, ಎಣಿಕೆಯ ಬದಲು ಕಚ್ಚಾ ವೇಗೋತ್ಕರ್ಷವನ್ನು ಮಿಲಿ-ಜಿಯಲ್ಲಿ (ಭೂಮಿಯ ಗುರುತ್ವದ ಸಾವಿರದ ಒಂದು ಪಾಲು ಎಂಬ ಮಾನದಲ್ಲಿ) ಓದಿ. ಮಧ್ಯಮದ ಗಡಿಯಾಗಿ ಸುಮಾರು 200 ಮಿಲಿ-ಜಿ ಬಳಕೆಯಲ್ಲಿದೆ. ಅಂಗಡಿಯಲ್ಲಿ ಸಿಗುವ ಸ್ಮಾರ್ಟ್‌ವಾಚು, ಫೋನಿನ ಹೆಜ್ಜೆ ಎಣಿಕೆ ಬೇಡ. ಒಳಗಿನ ಲೆಕ್ಕ ತಯಾರಕರ ಗುಟ್ಟು, ಒಂದು ಅಪ್‌ಡೇಟಿಗೆ ಅದು ಬದಲಾದರೆ ನಿಮ್ಮ ಐದು ವರ್ಷದ ಹೋಲಿಕೆ ಮುಗಿಯಿತು. ಫೋನಂತೂ ಆಡುವಾಗ ಚೀಲದಲ್ಲಿರುತ್ತದೆ.

ಹಣ ಕಡಿಮೆಯಿದ್ದರೆ ಹೆಜ್ಜೆ ಎಣಿಸುವ ಪೆಡೋಮೀಟರ್ ತೀರಾ ಕೆಟ್ಟದ್ದಲ್ಲ. ಕಟ್ಟಿಕೊಂಡು ಎಣಿಸುತ್ತಾ 20 ಹೆಜ್ಜೆ ನಡೆಸಿ. ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಜಾಗ ಬದಲಿಸಿ, ಆಗಲೂ ಬಂದರೆ ಸಾಧನ ಬದಲಿಸಿ. ಸ್ಪ್ರಿಂಗಿನ ಪೆಡೋಮೀಟರ್ ಹೊಟ್ಟೆಯ ಮೇಲೆ ವಾಲಿದರೆ ಹೆಜ್ಜೆ ತಪ್ಪಿಸುತ್ತದೆ, ಹಾಗಾಗಿ ದಪ್ಪಗಿರುವ ಮಕ್ಕಳು ಇರುವುದಕ್ಕಿಂತ ಜಡವಾಗಿ ಕಾಣುತ್ತಾರೆ. ಹದಿಹರೆಯದಲ್ಲಿ 60 ನಿಮಿಷಕ್ಕೆ ಸರಿಹೊಂದುವುದು ಸುಮಾರು 10,000ದಿಂದ 11,700 ಹೆಜ್ಜೆ. ದೊಡ್ಡವರಿಗೆ ಹೇಳುವ 10,000ದ ಮೂಲ ಬೇರೆಯೇ, 1965ರ ಜಪಾನಿನ ಒಂದು ಪೆಡೋಮೀಟರಿನ ಹೆಸರು ಅದು. ಎರಡನ್ನೂ ಬೆರೆಸಬೇಡಿ.

20 ಮೀಟರ್ ಷಟಲ್ ಓಟ, ಬಿಎಂಐ ಇವುಗಳನ್ನು ಚಟುವಟಿಕೆಯ ಅಳತೆ ಎಂದು ವರದಿಗಳಲ್ಲಿ ಸೇರಿಸುವ ಚಾಳಿ ನಿಲ್ಲಲಿ. ಗಂಟೆಗೆ 8.5 ಕಿ.ಮೀ.ಯಿಂದ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುವ ಆ ಓಟ ದೇಹದ ಕಸುವನ್ನು ಹೇಳುತ್ತದೆ. ಕಳೆದ ವಾರ ಏನು ಮಾಡಿದ ಎಂಬುದನ್ನಲ್ಲ.

ನಿಮಗೆ ತಿಳಿಯಬೇಕಾದ್ದು ಆಟದ ಪೀರಿಯಡ್ ಸಾರ್ಥಕವೇ ಎಂದಾದರೆ ಬೆಲ್ಟೇ ಬೇಡ. ಸೋಫಿಟ್ ಎಂಬ ವೀಕ್ಷಣೆಯ ಕ್ರಮವಿದೆ: 10 ಸೆಕೆಂಡು ಒಂದು ಮಗುವನ್ನು ನೋಡು, 10 ಸೆಕೆಂಡು ಬರೆ. ಮಲಗಿದೆ, ಕೂತಿದೆ, ನಿಂತಿದೆ, ನಡೆಯುತ್ತಿದೆ, ಅದಕ್ಕಿಂತ ಚುರುಕಾಗಿದೆ ಎಂಬ ಐದೇ ಗುರುತು. 40 ನಿಮಿಷದ ಪೀರಿಯಡ್‌ನಲ್ಲಿ 120 ಗುರುತು ಬರುತ್ತವೆ. ಕೊನೆಯ ಎರಡು ಸೇರಿ 42 ಇದ್ದರೆ ಶೇ. 35 ಹೊತ್ತು ಮಾತ್ರ ಮೈ ಆಡಿದೆ, ಅಂದರೆ ಅರ್ಧ ಹೊತ್ತು ಎಂಬ ಸಾಮಾನ್ಯ ಗುರಿಗಿಂತ ಕಡಿಮೆ. ಉಳಿದ ಹೊತ್ತು ಎಲ್ಲಿ ಹೋಯಿತೆಂದು ಅದೇ ಹಾಳೆ ಹೇಳುತ್ತದೆ, ಬಹಳಷ್ಟು ಸಲ ಹಾಜರಿ ಮತ್ತು ಸಾಲಿನಲ್ಲಿ ನಿಲ್ಲುವುದರಲ್ಲಿ.

ಎಷ್ಟು ಮಕ್ಕಳು ಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಒಂದೇ ತರಗತಿಯ ಮಕ್ಕಳ ವೇಳಾಪಟ್ಟಿ, ಮೈದಾನ, ಮೇಷ್ಟ್ರು ಎಲ್ಲ ಒಂದೇ ಆದ್ದರಿಂದ ಅವರು ಒಬ್ಬರನ್ನೊಬ್ಬರು ಹೋಲುತ್ತಾರೆ. ತರಗತಿಗೆ 30 ಮಕ್ಕಳು, ಈ ಹೋಲಿಕೆಯ ಗುಣಾಂಕ 0.05 ಎಂದಿಟ್ಟುಕೊಂಡರೆ 1 + 29 × 0.05 = 2.45. ಇದರಿಂದ ಭಾಗಿಸಿದರೆ ನಿಮ್ಮ 1,000 ಮಕ್ಕಳು ಸಂಖ್ಯಾಶಾಸ್ತ್ರದ ಕಣ್ಣಿಗೆ ಸುಮಾರು 408. ಅದೇ 1,000 ಮಕ್ಕಳನ್ನು ತರಗತಿಗೆ 10ರಂತೆ 100 ತರಗತಿಗಳಿಂದ ತಂದರೆ 1.45ರಿಂದ ಭಾಗಿಸಿ, ಸುಮಾರು 690. ಓಡಾಟದ ಖರ್ಚು ಏರುತ್ತದೆ, ನಿಜ. ಆದರೂ ಹೆಚ್ಚು ಶಾಲೆ, ಶಾಲೆಗೆ ಕಡಿಮೆ ಮಕ್ಕಳು ಎಂಬುದೇ ಸರಿ.

ಹಾಗಾದರೆ ಏನು ಮಾಡಬೇಕು? ಎಲ್ಲ ಮಕ್ಕಳಿಗೂ ಪ್ರಶ್ನಾವಳಿ ಕೊಡಿ. ಅವರಲ್ಲೇ ಚೀಟಿ ಎತ್ತಿ ಆರಿಸಿದ ಹತ್ತರಲ್ಲಿ ಒಬ್ಬರಿಗೆ ಅದೇ ವಾರ ಸಾಧನ ಕಟ್ಟಿ. ಎರಡು ಅಂಕಿಗಳು ತಾಳೆಯಾಗುವುದಿಲ್ಲ. ಒಂದನ್ನು ಮುಚ್ಚಿಡದೆ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ. ಪಾಸು, ಫೇಲಿನ ಶೇಕಡದ ಜೊತೆಗೆ ದಿನದ ಸರಾಸರಿ ನಿಮಿಷಗಳ ಹಂಚಿಕೆಯನ್ನೂ ಕೊಡಿ. 58 ನಿಮಿಷದವಳೂ 8 ನಿಮಿಷದವನೂ ಒಂದೇ ಡಬ್ಬಿಯಲ್ಲಿ ಬಿದ್ದಿರುವುದು ಆಗ ಕಾಣುತ್ತದೆ. ಎಷ್ಟು ಮಂದಿಗೆ ಬೆಲ್ಟ್ ಕೊಟ್ಟಿರಿ, ಎಷ್ಟು ಮಂದಿಯ ನಾಲ್ಕು ದಿನ ಪೂರ್ಣವಾಯಿತು ಎಂಬುದು ಮೊದಲ ಪುಟದಲ್ಲಿರಲಿ. ಶಾಲೆಗಳ ರ‍್ಯಾಂಕ್ ಪಟ್ಟಿ ಮಾಡಬೇಡಿ. ಮಾಡಿದ ಮರುವರ್ಷ ಬೆಲ್ಟುಗಳು ಶಾಲೆಯ ಚುರುಕು ಮಕ್ಕಳ ಸೊಂಟದಲ್ಲೇ ಇರುತ್ತವೆ. ಪೋಷಕರ ಒಪ್ಪಿಗೆಯ ಜೊತೆಗೆ ಮಗುವಿನದೂ ಇರಲಿ, ಬೇಡವೆಂದವಳಿಗೆ ಕಾರಣ ಕೇಳಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಹಿಂದಿನ ಸಮೀಕ್ಷೆಗಳ ಪ್ರಶ್ನೆಗಳನ್ನು ಕೇಳಿದ ಭಾಷೆಯಲ್ಲೇ, ಅಕ್ಷರಶಃ, ಉದಾಹರಣೆಗಳ ಸಮೇತ ಪ್ರಕಟಿಸಿ. ಸಾಧನ ಬಳಸಿದ್ದರೆ ಅದರ ಮಾದರಿ, ಕಟ್ಟಿದ ಜಾಗ, ಎಪಾಕ್, ಗಡಿರೇಖೆ, ಬಿಚ್ಚಿಟ್ಟ ಹೊತ್ತಿನ ನಿಯಮ, ಪೂರ್ಣ ದಿನದ ನಿಯಮ ಮತ್ತು ಹೆಸರು ಅಳಿಸಿದ ಕಚ್ಚಾ ಫೈಲುಗಳನ್ನು ಕೊಡಿ. ಆಗ ಹಳೆಯ ಸುತ್ತನ್ನೂ ಹೊಸ ಸುತ್ತನ್ನೂ ಒಂದೇ ನಿಯಮದಲ್ಲಿ ಮತ್ತೆ ಎಣಿಸಿ ನೋಡಬಹುದು.

ಇಂತಿ,
ಮಕ್ಕಳ ಚಟುವಟಿಕೆ ಅಳೆಯುವ ಕೆಲಸದಲ್ಲಿರುವವರು